ಬಳ್ಳಾರಿ ಅದಿರು: ದುರಾಸೆ ಯಾರದ್ದು?

ಕೆಂಪುಧೂಳು:
ಮೊನ್ನೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಬೆಂಗಳೂರಿನ ನೆಂಟರೊಬ್ಬರು, "ನಿಮ್ಮ ಬಳ್ಳಾರಿ ಕಡೆಯವರಿಗೆ ದುರಾಸೆ ಜಾಸ್ತಿ, ಗುಡ್ಡಾನೇ ತಿಂದು ಹಾಕಿದ್ರು" ಅಂದರು. ಹೋಳಿಗೆ ಗಂಟಲಲ್ಲೇ ನಿಂತಿತು. ನಾನು ಹೊಸಪೇಟೆಯವನು. 2006ರಲ್ಲಿ ನಮ್ಮಪ್ಪ ಒಂದೂವರೆ ಎಕರೆ ಮಾರಿ, ಮೇಲೆ ಸಾಲ ಮಾಡಿ, ಕಬ್ಬಿಣದ ಅದಿರು ಹೊಡೆಯೋಕೆ ಲಾರಿ ತಂದರು. ಅದು ದುರಾಸೆಯಾ?

ಲೆಕ್ಕದ ಮೇಷ್ಟ್ರು:
ಒಂದು ಲಾರಿ ಆಸೆ, ಬಿಡಿ. ಎರಡನೆಯದ್ದು ತಂದರಾ?

ಕೆಂಪುಧೂಳು:
ತಂದರು ಸರ್. ಮೊದಲನೆಯದರ ಕಂತು ಮುಗಿಯೋ ಮುಂಚೆಯೇ.

ಲೆಕ್ಕದ ಮೇಷ್ಟ್ರು:
ಮತ್ತೆ ನಮ್ಮನ್ನೇನು ಕೇಳ್ತೀರಿ!

ಸಂಡೂರಿನವಳು:
ಮೇಷ್ಟ್ರೇ, ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ. ಅದಿರಿನ ಪುಡಿಯನ್ನು ಮೊದಲು ಕೇಳೋರೇ ಇರಲಿಲ್ಲ, ಗಣಿ ಪಕ್ಕ ಸುಮ್ನೆ ಗುಡ್ಡೆ ಹಾಕಿರುತ್ತಿದ್ದರು. 2000ದ ನಂತರ ಚೀನಾದವರು ಕೊಳ್ಳೋಕೆ ನಿಂತ ಮೇಲೆ ಆ ಕಸಕ್ಕೇ ಬೆಲೆ ಬಂತು. ನಮ್ಮ ದೊಡ್ಡಪ್ಪ ಜೋಳ ಬಿತ್ತುವಾಗ ನೇಗಿಲಿಗೆ ಸಿಕ್ಕ ಕಪ್ಪು ಕಲ್ಲನ್ನು ಬೈಕೊಂಡು ಬದುವಿಗೆ ಎಸೆಯುತ್ತಿದ್ದರು. ಒಂದು ದಿನ ಯಾರೋ ಬಂದು ಆ ಬದುವಿನ ಕಲ್ಲಿಗೇ ನೋಟು ಎಣಿಸಿದರು. ಆಮೇಲೆ ಹೊಲಕ್ಕೇ ಜೆಸಿಬಿ ಇಳಿಯಿತು. ಮೇಲ್ಮಣ್ಣೆಲ್ಲ ಹೋಯಿತು. ಈಗಲ್ಲಿ ಜಾಲಿ ಬಿಟ್ಟರೆ ಏನೂ ಬೆಳೆಯಲ್ಲ. ಮಳೆ ನಂಬಿಕೊಂಡಿದ್ದ ಮನುಷ್ಯ ಬೇಡ ಅನ್ನಬೇಕಿತ್ತಾ?

ಬಿಸಿಲೂರು:
ಸ್ವಭಾವದ ಮಾತು ಬಿಡಿ, ರೇಟು ನೋಡಿ. 2009ರ ಆಗಸ್ಟ್‌ವರೆಗೆ ಗಣಿಯವರು ಸರ್ಕಾರಕ್ಕೆ ಕಟ್ಟಬೇಕಿದ್ದ ರಾಯಲ್ಟಿ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಅದೇ ಟನ್ನು ಹೊರಗೆ ಸಾವಿರಗಟ್ಟಲೆಗೆ ಹೋಗುತ್ತಿತ್ತು. ಆಮೇಲೆ ಎಚ್ಚೆತ್ತು ಬೆಲೆಯ ಶೇ 10 ಅಂತ ಮಾಡಿದರು. ಇಷ್ಟು ಅಗ್ಗಕ್ಕೆ ಬಿಟ್ಟರೆ ಯಾವೂರಿನವರಾದರೂ ಬಾಚಿಕೊಳ್ಳುತ್ತಾರೆ. ಬಳ್ಳಾರಿಯವರೇ ಆಗಬೇಕಿಲ್ಲ.

ಲೆಕ್ಕದ ಮೇಷ್ಟ್ರು:
ಬಾಗಿಲು ತೆಗೆದಿತ್ತು ಅಂತ ನುಗ್ಗಿದವನದ್ದು ತಪ್ಪಲ್ವಾ? ಬೇಲೇಕೇರಿ ಬಂದರು ನೆನಪಿದೆಯಾ? 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಅದಿರೇ ಅಲ್ಲಿಂದ ಹಡಗು ಹತ್ತಿ ಹೋಯಿತು. ಲಕ್ಷಗಟ್ಟಲೆ ಟನ್! ಜೇಬಲ್ಲಿ ಹಾಕ್ಕೊಂಡು ಹೋಗೋ ಸಾಮಾನಾ ಅದು?

ಸಂಡೂರಿನವಳು:
ಅದನ್ನು ಸಾಗಿಸಿದ್ದು ಬದುವಿನ ಕಲ್ಲು ಮಾರಿದವನಲ್ಲ ಅಲ್ವಾ? ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತೀರಲ್ಲ, ಅದಕ್ಕೇ ಸಿಟ್ಟು ಬರೋದು.

ಕೆಂಪುಧೂಳು:
ಅಕ್ಕ, ನಮ್ಮ ಪರ ಮಾತಾಡಿದ್ದಕ್ಕೆ ಥ್ಯಾಂಕ್ಸ್. ಆದರೆ ಸುಳ್ಳು ಹೇಳಲ್ಲ. ನಾವೂ ಓವರ್‌ಲೋಡ್ ಹೊಡೆದಿದ್ದೇವೆ. 16 ಟನ್ನಿನ ಜಾಗಕ್ಕೆ 25 ಹಾಕಿ. ರಸ್ತೆ ಕಿತ್ತಿದ್ದು ನಮ್ಮಂಥವರ ಲಾರಿಯಿಂದಾನೇ. ಮನೆಯಲ್ಲಿ ಅನ್ನದ ತಟ್ಟೆ ಮೇಲೂ ಕೆಂಪು ಧೂಳು. ಅಮ್ಮ ಸೆರಗಲ್ಲಿ ಒರೆಸಿ ಬಡಿಸುತ್ತಿದ್ದಳು. 2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. ಲಾರಿಗಳು ಮನೆ ಮುಂದೆ ನಿಂತವು. ದೀಪಾವಳಿ ಹೊತ್ತಿಗೆ ಫೈನಾನ್ಸ್‌ನವರು ಎರಡನ್ನೂ ಎಳ್ಕೊಂಡು ಹೋದರು.

ಬಿಸಿಲೂರು:
ಆ ಮೇಲೆ ಕೋರ್ಟು ವರ್ಷಕ್ಕೆ ಇಂತಿಷ್ಟೇ ತೆಗೀಬೇಕು ಅಂತ ಮಿತಿ ಹಾಕಿತು. 2022ರಲ್ಲಿ ಅದೇ ಮಿತಿ ಏರಿತು, ರಫ್ತಿಗೂ ಒಪ್ಪಿಗೆ ಸಿಕ್ಕಿತು. ಈಗ ಮತ್ತೆ ಲಾರಿ ತಗೊಳ್ಳೋರಿಲ್ವಾ ನಿಮ್ಮೂರಲ್ಲಿ?

ಕೆಂಪುಧೂಳು:
ಇದ್ದಾರೆ. ನಮ್ಮ ತಮ್ಮನೇ ವಿಚಾರಿಸ್ತಿದ್ದಾನೆ!
ಇವತ್ತು ಸಂಜೆ ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಮೇಷ್ಟ್ರ ಮಾತು ಕೇಳಿ ನಕ್ಕರು. "ಎರಡು ಅಂತ ಬರೆದಿದ್ದೀಯಲ್ಲ, ಮೂರನೆಯದಕ್ಕೂ ಅಡ್ವಾನ್ಸ್ ಕೊಟ್ಟಿದ್ದೆ. ನಿಮ್ಮಮ್ಮನಿಗೆ ಇನ್ನೂ ಗೊತ್ತಿಲ್ಲ" ಅಂದರು.