ಅಕ್ವೇರಿಯಂನ ಅನುಬಿಯಾಸ್ ಗಿಡದ ಎಲೆ ಅಂಚಿಗೆ ಕಪ್ಪು ಪಾಚಿ. ನೀವೆಲ್ಲ ಏನು ಮಾಡಿದ್ರಿ?

ಕೇಳಿದವರು:
60 ಲೀಟರ್ ಟ್ಯಾಂಕ್. ಅನುಬಿಯಾಸ್, ಜಾವಾ ಫರ್ನ್ ಬಿಟ್ಟರೆ ಬೇರೆ ಗಿಡ ಇಲ್ಲ. ಗಿಡಕ್ಕೆ ಸಿಒಟು (ಇಂಗಾಲದ ಡೈಆಕ್ಸೈಡ್ ಗ್ಯಾಸ್) ಹಾಕುತ್ತಿಲ್ಲ. ಲೈಟ್ ದಿನಕ್ಕೆ 8 ಗಂಟೆ. ಎಲೆ ಅಂಚಿನಲ್ಲಿ ಕಪ್ಪು ಗಡ್ಡದ ಪಾಚಿ ಹಿಡಿದಿದೆ, ಉಜ್ಜಿದರೂ ಬರುತ್ತಿಲ್ಲ. ಚೆರ್ರಿ ಸೀಗಡಿಗಳಿವೆ, ಅದಕ್ಕೇ ಔಷಧಿ ಅಂದ್ರೆ ಭಯ. ಅನುಭವ ಇದ್ದವರು ಹೇಳಿ.

ನೀರಹುಲ್ಲು:
ನಾನು ಬಾಟಲಿಯಲ್ಲಿ ಬರುವ ಲಿಕ್ವಿಡ್ ಕಾರ್ಬನ್ ಹಾಕಿದೆ. ಪಾಚಿ ಹೋಯ್ತು. ಜೊತೆಗೆ ಹಿಂದಿನ ಗಾಜು ಪೂರ್ತಿ ಮುಚ್ಚಿದ್ದ ವ್ಯಾಲಿಸ್ನೇರಿಯಾ ಗಿಡವೂ ಹೋಯ್ತು. ಮೊದಲು ಎಲೆ ತುದಿಯ ಬಣ್ಣ ಹೋಗಿ ಆಚೆ ಬದಿ ಕಾಣಿಸತೊಡಗಿತು, ಆಮೇಲೆ ಬುಡವೇ ಲೋಳೆ. ಕೊಳೆತ ಎಲೆ ಫಿಲ್ಟರ್ ಬಾಯಿಗೆ ಸಿಕ್ಕಿಕೊಂಡು ನೀರು ಹರಿಯುವುದೇ ನಿಂತಿತು, ಅಮೋನಿಯಾ ಏರಿತು, ಕಷ್ಟಪಟ್ಟು ಉಳಿಸಿಕೊಂಡಿದ್ದ ಓಟೊ ಮೀನುಗಳು ಸತ್ತವು. ನಾನು ತಂದ ಬಾಟಲಿ ಮೇಲೆ ಈ ಗಿಡಕ್ಕೆ ಆಗಲ್ಲ ಅಂತ ಒಂದಕ್ಷರ ಇರಲಿಲ್ಲ. ಒಳಗಿರುವುದು ಗ್ಲುಟರಾಲ್ಡಿಹೈಡ್, ಆಸ್ಪತ್ರೆಯಲ್ಲಿ ಉಪಕರಣಗಳ ಸೋಂಕು ತೆಗೆಯಲು ಬಳಸುತ್ತಾರಲ್ಲ, ಅದೇ. ಅದಕ್ಕೆ ಕಾರ್ಬನ್ ಅಂತ ಹೆಸರು ಬೇರೆ!

ಸಿಲಿಂಡರ್ ಸಾಹೇಬ:
ಮೇಡಂ, ಬಾಟಲಿ ಸುರಿದು ಪಾಚಿ ಓಡಿಸಲು ಹೊರಟರೆ ಆಗುವುದೇ ಹೀಗೆ. ಈ ಪಾಚಿ ಜಾಸ್ತಿ ಬರುವುದು ಸಿಒಟು ಏರುಪೇರಾದಾಗ. ಗ್ಯಾಸ್ ಹರಿವು ಹಿಡಿತದಲ್ಲಿಡುವ ನನ್ನ ನೀಡಲ್ ವಾಲ್ವ್ ಕೆಟ್ಟು ಗುಳ್ಳೆ ಒಂದು ದಿನ ಜೋರು, ಒಂದು ದಿನ ಇಲ್ಲವೇ ಇಲ್ಲ. ನೀರಲ್ಲಿ ಸಿಒಟು ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕ್ಕರ್ ಬೆಳಿಗ್ಗೆ ನೀಲಿ (ಕಡಿಮೆ), ಸಂಜೆ ಹಳದಿ (ಅತಿ). ಒಂದು ರಾತ್ರಿ ಗ್ಯಾಸ್ ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಮುಚ್ಚಲೇ ಇಲ್ಲ. ಎದ್ದು ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ, ಸಿಲಿಂಡರ್ ಖಾಲಿ. ರೆಗ್ಯುಲೇಟರ್ ಬದಲಾಯಿಸಿದೆ, ಪ್ರತಿ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಲೀಕ್ ಹುಡುಕಿದೆ. ಈಗ ಲೈಟ್ ಹತ್ತುವ 2 ಗಂಟೆ ಮೊದಲೇ ಗ್ಯಾಸ್ ಶುರು. ಹೊಸ ಎಲೆಯಲ್ಲಿ ಪಾಚಿಯ ಸುಳಿವೇ ಇಲ್ಲ.

ಕೇಳಿದವರು:
ಸರ್, ನಾನು ಸಿಒಟು ಹಾಕುತ್ತಲೇ ಇಲ್ಲವಲ್ಲ?

ಸಿಲಿಂಡರ್ ಸಾಹೇಬ:
ಅದಕ್ಕೇ ಹೇಳ್ತಿರೋದು, ಹಾಕಿ.

ಮಿತಗೊಬ್ಬರ:
ಅನುಬಿಯಾಸ್‌ಗೆ ಸಿಲಿಂಡರ್ ಯಾಕ್ರೀ? ನಿಧಾನ ಬೆಳೆಯುವ ಗಿಡ, ಲೈಟ್ 6 ಗಂಟೆಗೆ ಇಳಿಸಿದರೆ ಸಾಕು. ಗೊಬ್ಬರವನ್ನೂ ಕಡಿಮೆ ಮಾಡಿ, ಮುಖ್ಯವಾಗಿ ಫಾಸ್ಫೇಟ್. ನಾನು ವರ್ಷಗಳಿಂದ ಹಾಗೇ ಇಟ್ಟಿದ್ದೇನೆ.

ಸಿಲಿಂಡರ್ ಸಾಹೇಬ:
ಇನ್ನೂ ಫಾಸ್ಫೇಟ್ ಕಥೆನಾ! 1990ರ ದಶಕದಲ್ಲಿ ಸಿಯರ್ಸ್, ಕಾನ್ಲಿನ್ ಅನ್ನುವ ಅಕ್ವೇರಿಯಂ ಹವ್ಯಾಸಿಗಳಿಬ್ಬರೂ ಫಾಸ್ಫೇಟ್ ಕಡಿಮೆ ಮಾಡಿ ಅಂತಲೇ ಹೇಳಿದ್ದರು. ಆಮೇಲೆ ಅಕ್ವೇರಿಯಂ ಗಿಡಗಳ ತಜ್ಞ ಟಾಮ್ ಬಾರ್ ಫಾಸ್ಫೇಟ್ ಧಾರಾಳ ಹಾಕಿಯೂ ಪಾಚಿ ಬರದ ಟ್ಯಾಂಕ್ ತೋರಿಸಲಿಲ್ವಾ? ಫಾಸ್ಫೇಟ್ ಕಡಿಮೆಯಾದರೆ ಅನುಬಿಯಾಸ್ ಎಲೆ ಮೇಲೆ ಹಸಿರು ಚುಕ್ಕೆ ಪಾಚಿ ಕೂರುತ್ತದೆ. ನಿಮ್ಮ ಎಲೆ ಫೋಟೊ ಹಾಕಿ ನೋಡೋಣ.

ಮಿತಗೊಬ್ಬರ:
ಬಾರ್ ಹೇಳಿದ್ದರಲ್ಲಿ ವಾರಕ್ಕೆ 50% ನೀರು ಬದಲಿಸಿ ಅಂತಲೂ ಇದೆ. ಅದನ್ನು ಯಾಕೆ ನುಂಗಿಬಿಟ್ರಿ? ಬಕೆಟ್ ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ. ಹಸಿರು ಚುಕ್ಕೆ ಇದೆ, ಇರಲಿ. ಬಸವನಹುಳು ತಿನ್ನುತ್ತದೆ.

ಸಿರಿಂಜ್ ಸುಬ್ಬ:
ಜಗಳ ಆಮೇಲೆ ಆಡಿ. ನಾನು 3% ಹೈಡ್ರೋಜನ್ ಪೆರಾಕ್ಸೈಡ್ ಬಳಸಿದೆ. ಫಿಲ್ಟರ್ ಆಫ್ ಮಾಡಿ, ಸಿರಿಂಜ್ ತುದಿ ಪಾಚಿಗೆ ತಾಗುವಷ್ಟು ಹತ್ತಿರ ಹಿಡಿದು ನಿಧಾನಕ್ಕೆ ಬಿಡುವುದು. ಗಡ್ಡದೊಳಗಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಕಪ್ಪು ಹೋಗಿ ಗುಲಾಬಿ ಬಣ್ಣ ಬಂದರೆ ಸತ್ತಿತು ಅಂತ ಲೆಕ್ಕ. ಹೆಸರಿಗೆ ಕಪ್ಪು, ಜಾತಿಯಲ್ಲಿ ಇದು ಕೆಂಪು ಪಾಚಿ. ಸತ್ತದ್ದನ್ನು ಸೀಗಡಿಗಳೇ ಬಂದು ಕಿತ್ತು ತಿಂದವು. ಇಡೀ ಟ್ಯಾಂಕಿಗೆ ಸುರಿಯಬೇಡಿ ಅಷ್ಟೇ. ನನ್ನ ಪಾಸಿಗಿಡ (ಮಾಸ್) ಮಾತ್ರ ಸುಟ್ಟು ಬಿಳಚಿಕೊಂಡಿತು, ಇವತ್ತಿಗೂ ಚೇತರಿಸಿಕೊಂಡಿಲ್ಲ.

ನೀರಹುಲ್ಲು:
ಅಂದ್ರೆ ನಿಮ್ಮದೂ ಔಷಧಿನೇ ಅಲ್ವಾ? ನನಗೊಬ್ಬಳಿಗೇ ಪಾಠ.

ಮೀನೇ ಮದ್ದು:
ಯಾರೂ ಮೀನಿನ ಮಾತೇ ಎತ್ತಲಿಲ್ಲ. ಟ್ಯಾಂಕಿಗೆ ಸಯಾಮೀಸ್ ಆಲ್ಗೆ ಈಟರ್ ತಂದು ಬಿಡಿ, ಈ ಪಾಚಿ ತಿನ್ನುವ ಕೆಲವೇ ಮೀನುಗಳಲ್ಲಿ ಅದೂ ಒಂದು. ಆದರೆ ನೋಡಿ ತನ್ನಿ. ನನಗೆ ಅಂಗಡಿಯವರು ಅದೇ ಹೆಸರು ಹೇಳಿ ಚೈನೀಸ್ ಆಲ್ಗೆ ಈಟರ್ ಕಟ್ಟಿಕೊಟ್ಟರು. ಮರಿಯಾಗಿದ್ದಾಗ ಸಾಧು. ಬೆಳೆದ ಮೇಲೆ ಏಂಜೆಲ್ ಮೀನಿನ ಪಕ್ಕೆಗೆ ಅಂಟಿಕೊಂಡು ಮೈಲೋಳೆ ಹೀರತೊಡಗಿತು. ನನ್ನ ಜೋಡಿ ಏಂಜೆಲ್ ಹೋಯ್ತು. ಹಿಡಿಯಲು ಟ್ಯಾಂಕಿನ ಕಲ್ಲು, ಕಟ್ಟಿಗೆ ಎಲ್ಲ ಹೊರಗೆ ತೆಗೆಯಬೇಕಾಯ್ತು. ಸಯಾಮೀಸ್ ಆದರೆ ಕಪ್ಪು ಗೆರೆ ಬಾಲದ ರೆಕ್ಕೆಯ ತುದಿವರೆಗೂ ಹೋಗಿರುತ್ತದೆ.

ಮಿತಗೊಬ್ಬರ:
60 ಲೀಟರಿಗೆ ಸಯಾಮೀಸಾ? 15 ಸೆಂ.ಮೀ. ಬೆಳೆಯುತ್ತೆ ಮಾರಾಯ್ರೆ! ನೆರೈಟ್ ಬಸವನಹುಳು ಸಾಕು.

ಮೀನೇ ಮದ್ದು:
ನೆರೈಟ್ ಈ ಪಾಚಿಯನ್ನು ಮುಟ್ಟುವುದೂ ಇಲ್ಲ. ಕಟ್ಟಿಗೆ ತುಂಬ ಬಿಳಿ ಮೊಟ್ಟೆ ಮಾತ್ರ ಇಟ್ಟು ಹೋಗುತ್ತದೆ.

ಮಿತಗೊಬ್ಬರ:
ಸಿಹಿನೀರಲ್ಲಿ ಮರಿ ಬೆಳೆಯಲ್ಲ, ಸಂತತಿ ಹೆಚ್ಚುವ ಭಯ ಇಲ್ಲ. ಬಿಳಿ ಚುಕ್ಕೆ ಕೆರೆದು ತೆಗೀರಿ.

ಮೀನೇ ಮದ್ದು:
ಕೆರೆದು ನೋಡಿದ್ದೀರಾ ನೀವು? ಬ್ಲೇಡ್ ಮುರಿಯಿತು, ಮೊಟ್ಟೆ ಅಲ್ಲೇ ಇದೆ.