ಫ್ರೆಂಚಿನಲ್ಲಿ 97 ಹೇಳೋಕೆ ಇಷ್ಟೊಂದು ಲೆಕ್ಕ ಯಾಕೆ?

ಪ್ರಶ್ನೆ: 97ಕ್ಕೆ ಫ್ರೆಂಚರು ‘ಕಾತ್ರ್ ವ್ಯಾಂ ದಿಸೆತ್’ ಅಂತಾರೆ. ಕೇಳೋಕೆ ಮಂತ್ರದ ಹಾಗಿದೆ! ಫೋನ್ ನಂಬರ್ ಬರೆದುಕೊಳ್ಳುವಾಗ ತಪ್ಪದೇ ಇರೋಕೆ ಉಪಾಯ ಇದೆಯೇ?

ಉತ್ತರ 1: ಅದು 4×20+17. 60ರವರೆಗೆ ಹತ್ತರ ಲೆಕ್ಕ, ಆಮೇಲೆ ಇಪ್ಪತ್ತರದ್ದು. 72 ಅಂದರೆ ‘ಸ್ವಾಸಾಂತ್ ದೂಜ್’, ಅರವತ್ತು-ಹನ್ನೆರಡು. ತಪ್ಪೋದು ಇಲ್ಲೇ: ‘ಸ್ವಾಸಾಂತ್’ ಕಿವಿಗೆ ಬಿದ್ದ ಕೂಡಲೇ ಕೈ 6 ಬರೆದುಬಿಡುತ್ತೆ, ಹಿಂದೆಯೇ 12 ಬರುತ್ತೆ, ಕಾಗದದ ಮೇಲೆ 612 ಕೂತಿರುತ್ತೆ. ಫ್ರಾನ್ಸಿನಲ್ಲಿ ನಂಬರಿನ 10 ಅಂಕಿಗಳನ್ನು ಎರಡೆರಡಾಗಿ ಹೇಳ್ತಾರೆ. ಜೋಡಿ ಮುಗಿಯೋವರೆಗೆ ಪೆನ್ನು ಊರಬೇಡಿ. ‘ಸ್ವಾಸಾಂತ್’, ‘ಕಾತ್ರ್ ವ್ಯಾಂ’ ಇವೆರಡಕ್ಕೆ ಮಾತ್ರ ಈ ಎಚ್ಚರ ಸಾಕು.

ಉತ್ತರ 2: ಬೆಲ್ಜಿಯಂ, ಸ್ವಿಟ್ಜರ್‌ಲೆಂಡಿನಲ್ಲಿ 70 ‘ಸೆಪ್ತಾಂತ್’, 90 ‘ನೋನಾಂತ್’. ಎಷ್ಟು ಸಲೀಸು ನೋಡಿ! ಆದರೆ ಬೆಲ್ಜಿಯಂನಲ್ಲೂ 80 ಮಾತ್ರ ‘ಕಾತ್ರ್ ವ್ಯಾಂ’.

ಉತ್ತರ 3: ಡೇನಿಷ್ ಇನ್ನೂ ಮಜಾ. 50ಕ್ಕೆ ‘ಹಾಲ್‌ಟ್ರೆಸ್’. ‘ಮೂರನೆಯದರಲ್ಲಿ ಅರ್ಧ’, ಅಂದರೆ ಎರಡೂವರೆ ಇಪ್ಪತ್ತು. 70 ಮೂರೂವರೆ ಇಪ್ಪತ್ತು, 90 ನಾಲ್ಕೂವರೆ ಇಪ್ಪತ್ತು. ಸಾಲದ್ದಕ್ಕೆ ಬಿಡಿ ಅಂಕಿ ಮೊದಲು ಬರುತ್ತೆ: 53 ಅಂದರೆ ‘ಮೂರು ಮತ್ತು ಹಾಲ್‌ಟ್ರೆಸ್’. ಇದನ್ನು ಬಾಯಿಪಾಠವೇ ಮಾಡಬೇಕು. ಗುಣಿಸ್ತಾ ಕೂತರೆ ಮುಂದಿನ ಅಂಕಿ ತಪ್ಪಿಹೋಗುತ್ತೆ.