ಪದಚರ್ಚೆ: ‘ಸಾಲಿಡ್ ಆಕ್ಸಲ್’, ‘ಇಂಡಿಪೆಂಡೆಂಟ್ ಸಸ್ಪೆನ್ಶನ್’ – ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ಕಾಫಿ ತೋಟದ ಜೀಪು ಚಾಲಕರಿಗಾಗಿ ಫೋರ್ ವೀಲ್ ಡ್ರೈವ್ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ಸಾಲಿಡ್ ಆಕ್ಸಲ್‌ಗೆ ‘ಘನ ಅಚ್ಚು’, ಇಂಡಿಪೆಂಡೆಂಟ್ ಸಸ್ಪೆನ್ಶನ್‌ಗೆ ‘ಸ್ವತಂತ್ರ ತೂಗುವ್ಯವಸ್ಥೆ’ ಎಂದಿದೆ. (ಸಸ್ಪೆನ್ಶನ್ ಎಂದರೆ ಗಾಲಿಗೂ ಬಾಡಿಗೂ ನಡುವಿನ ಸ್ಪ್ರಿಂಗ್ ಏರ್ಪಾಡು; ಇಂಡಿಪೆಂಡೆಂಟ್ ಆದರೆ ಪ್ರತಿ ಗಾಲಿಯೂ ತನ್ನಷ್ಟಕ್ಕೆ ಏರಿಳಿಯುತ್ತದೆ, ಸಾಲಿಡ್ ಆಕ್ಸಲ್ ಆದರೆ ಎರಡೂ ಗಾಲಿಗೆ ಒಂದೇ ಅಚ್ಚು.) ಓದಿದ ಮೆಕ್ಯಾನಿಕ್‌ಗಳಿಗೆ ಎರಡೂ ತಲೆಗೆ ಹತ್ತಲಿಲ್ಲ. ‘ಲೈವ್ ಆಕ್ಸಲ್’, ‘ರಿಜಿಡ್ ಆಕ್ಸಲ್’ ಅನ್ನುವುದೂ ಇದನ್ನೇನಾ? ತಿಳಿದವರು ಹೇಳಬೇಕು.

ಉತ್ತರ:
‘ಘನ’ ಬೇಡವೇ ಬೇಡ. ಗಟ್ಟಿ ಸರಳು ಎಂಬ ಅರ್ಥ ಬರುತ್ತದೆ; ಆದರೆ ಅಚ್ಚಿನ ಹೊರಕವಚ (ಹೌಸಿಂಗ್) ಒಳಗೆ ಟೊಳ್ಳು. ಉಬ್ಬಿದ ಭಾಗದಲ್ಲಿ ಕ್ರೌನ್-ಪಿನಿಯನ್ ಗಿಯರುಗಳು ಮತ್ತು ಡಿಫರೆನ್ಷಿಯಲ್ (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರು ಜೋಡಣೆ), ಎರಡೂ ಕಡೆಯ ಕೊಳವೆಯಲ್ಲಿ ಗಾಲಿ ತಿರುಗಿಸುವ ಆಕ್ಸಲ್ ಶಾಫ್ಟ್. ಎಡಬಲದ ಗಾಲಿಗಳನ್ನು ಒಂದೇ ತೊಲೆ ಹಿಡಿದಿದೆ ಎಂಬುದಷ್ಟೇ ಇಲ್ಲಿ ‘ಸಾಲಿಡ್’. ‘ರಿಜಿಡ್’ ಎಂದರೂ ಅದೇ. ‘ಲೈವ್’ ಮಾತ್ರ ಬೇರೆ: ಎಂಜಿನ್ನಿನ ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ಅಚ್ಚು. ಸಾಮಾನ್ಯ ಲಾರಿಯ ಮುಂದಿನ ಅಚ್ಚು ರಿಜಿಡ್ ಹೌದು, ಲೈವ್ ಅಲ್ಲ.

ನನ್ನ ಸಲಹೆ ‘ಇಡಿಯಚ್ಚು’ ಮತ್ತು ‘ಬಿಡಿಗಾಲಿ ಸಸ್ಪೆನ್ಶನ್’. ಇಡಿ-ಬಿಡಿ ನಮ್ಮಲ್ಲಿ ಬಳಕೆಯಲ್ಲಿರುವ ಜೋಡಿ, ಗಾಲಿಯ ನಡೆಯನ್ನೂ ಹೇಳುತ್ತದೆ. ಜಿಪ್ಸಿ, ಜಿಮ್ನಿಗಳಲ್ಲಿ ಹಿಂದೆಮುಂದೆ ಎರಡೂ ಇಡಿಯಚ್ಚು. ಬಲಗಾಲಿ ಕಲ್ಲು ಹತ್ತಿದರೆ ತೊಲೆ ಓರೆಯಾಗಿ ಎಡಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಬಿಡಿಗಾಲಿಯಲ್ಲಿ ಆ ಒತ್ತು ಸಿಗುವುದಿಲ್ಲ. ಕೊರಕಲಿನಲ್ಲಿ ಎಡಗಾಲಿ ತನ್ನ ಇಳಿತ ಮುಗಿದೊಡನೆ ಗಾಳಿಯಲ್ಲಿ ನಿಲ್ಲುತ್ತದೆ. ಎರಡೂ ಗಾಲಿಯನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಅಥವಾ ಬ್ರೇಕ್ ಹಿಡಿದು ನಿಲ್ಲಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲದಿದ್ದರೆ ಶಕ್ತಿಯೆಲ್ಲ ಆ ತೇಲುವ ಗಾಲಿ ತಿರುಗುವುದರಲ್ಲೇ ಪೋಲು. ಹಾಗೆಂದು ಬಿಡಿಗಾಲಿ ಕೀಳಲ್ಲ. ಸ್ಪ್ರಿಂಗಿನ ಕೆಳಗೆ ಕುಣಿಯುವ ತೂಕ ಕಡಿಮೆ. ಒಂದು ಗಾಲಿಯ ಗುಂಡಿ ಇನ್ನೊಂದಕ್ಕೆ ತಟ್ಟದು. ಜಲ್ಲಿ ರಸ್ತೆಯಲ್ಲಿ ವೇಗ ಹಿಡಿದಾಗ ಗಾಡಿ ಹತೋಟಿಯಲ್ಲಿರುತ್ತದೆ.

‘ಗ್ರೌಂಡ್ ಕ್ಲಿಯರೆನ್ಸ್’ (ನೆಲಕ್ಕೂ ಗಾಡಿಯ ಕೆಳಭಾಗಕ್ಕೂ ಇರುವ ಅಂತರ) ಅಧ್ಯಾಯದಲ್ಲಿ ಪದ ತಪ್ಪಿದರೆ ಗಾಡಿಯ ಹೊಟ್ಟೆಗೇ ಏಟು. ಇಡಿಯಚ್ಚಿನ ಉಬ್ಬು ಗಾಲಿಯ ಜೊತೆಗೇ ಏರಿಳಿಯುವುದರಿಂದ ನೆಲದಿಂದ ಅದರ ಎತ್ತರ ಹೆಚ್ಚುಕಡಿಮೆ ಬದಲಾಗದು. ಎತ್ತರದ ಸ್ಪ್ರಿಂಗ್ ಹಾಕಿಸಿದರೆ ಬಾಡಿ ಏರುತ್ತದೆ, ಉಬ್ಬು ಅಲ್ಲೇ ಇರುತ್ತದೆ. ಟೈರಿನ ವ್ಯಾಸ 2 ಇಂಚು ಹೆಚ್ಚಿದರೆ ಮಾತ್ರ ಅದು 1 ಇಂಚು ಮೇಲೆ. ಬಿಡಿಗಾಲಿಯಲ್ಲಿ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿರುತ್ತದೆ. ನಿಂತಾಗ ಎತ್ತರ ಚೆನ್ನಾಗಿದ್ದರೂ, ಹೊರೆ ಹೇರಿ ಗುಂಡಿಗೆ ಇಳಿಸಿದಾಗ ಸ್ಪ್ರಿಂಗ್ ಕುಸಿದು ಅದೂ ಕೆಳಗೆ ಬರುತ್ತದೆ. ಆದ್ದರಿಂದ ‘ನಿಂತ ಎತ್ತರ’, ‘ಕುಸಿದ ಎತ್ತರ’ ಎಂದು ಎರಡು ಪದ ಬೇಕು.

‘ತೂಗು’ ಕೈಬಿಟ್ಟು ‘ಸಸ್ಪೆನ್ಶನ್’ ಉಳಿಸಿಕೊಳ್ಳಿ. ಕಮಾನು, ಬುಶ್, ಟೈ ರಾಡ್ ಎಂಡ್ ಗ್ಯಾರೇಜಿನ ಮಾತಾಗಿಯೇ ಇರಲಿ.

ಮತ್ತೊಂದು ಉತ್ತರ:
ಇಡಿಯಚ್ಚು ಒಪ್ಪಿಗೆ. ಆದರೆ ಇಡೀ ಗಾಡಿಗೆ ಆ ಹೆಸರು ಕೊಡಬೇಡಿ. 2020ರ ಥಾರ್‌ನಲ್ಲಿ ಮುಂದೆ ಬಿಡಿಗಾಲಿ, ಹಿಂದೆ ಇಡಿಯಚ್ಚು; ಫಾರ್ಚುನರ್ ಕೂಡ ಹಾಗೆಯೇ. ‘ಮುಂದಿನ’, ‘ಹಿಂದಿನ’ ಎಂದು ಪ್ರತಿಸಲ ಸೇರಿಸಲೇಬೇಕು.

ದೋಷಗಳ ಪಟ್ಟಿಯೂ ಇದನ್ನು ಅನುಸರಿಸಬೇಕು. ಮುಂದೆ ಬಿಡಿಗಾಲಿ ಇದ್ದರೆ ಮೊದಲು ನೋಡಬೇಕಾದ್ದು ಸಿವಿ ಜಾಯಿಂಟಿನ (ಗಾಲಿ ಎತ್ತ ತಿರುಗಿದರೂ ಶಕ್ತಿ ಮುಟ್ಟಿಸುವ ಕೀಲು) ರಬ್ಬರ್ ಬೂಟು. ಅದು ಹರಿದರೆ ಗ್ರೀಸ್ ಚಿಮ್ಮಿ ರಿಮ್ಮಿನ ಒಳಮೈಗೆ ಮೆತ್ತುತ್ತದೆ, ಮಣ್ಣು ಒಳಸೇರುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಸದ್ದು. ಮುಂದೆ ಇಡಿಯಚ್ಚಿದ್ದರೆ ಬೇರೆ ಕಾಟ: ಜಿಪ್ಸಿಯಲ್ಲಿ ಗಾಲಿ ತಿರುಗುವ ಕೀಲಿನ (ನಕಲ್) ಸೀಲ್ ಸೋರುವುದು, ಆ ಕೀಲಿನ ಕಿಂಗ್‌ಪಿನ್ ಬೇರಿಂಗ್ ಸಡಿಲವಾಗಿ ಸ್ಟಿಯರಿಂಗ್ ನಡುಗುವುದು, ಜಿಮ್ನಿಯಂಥ ಕಾಯಿಲ್ ಸ್ಪ್ರಿಂಗಿನವಕ್ಕೆ ಅಚ್ಚು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಬುಶ್ ಸವೆತವೂ ಸೇರುತ್ತದೆ. ಆಗ ಹೊಸ ಸ್ಟಿಯರಿಂಗ್ ಡ್ಯಾಂಪರ್ ಹಾಕಿದರೆ ನಡುಕ ಮುಚ್ಚಿಹೋಗುತ್ತದೆಯೇ ಹೊರತು ಸಡಿಲ ಹೋಗದು.

ಕರಡಿನ ಅಲೈನ್‌ಮೆಂಟ್ ಪುಟದಲ್ಲಿ ‘ಕ್ಯಾಂಬರ್ ಸರಿಪಡಿಸಿ’ (ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಗಾಲಿ ವಾಲಿರುವ ಕೋನ) ಎಂದು ಎಲ್ಲ ಗಾಡಿಗೂ ಒಂದೇ ಸಾಲಿದ್ದರೆ ತಿದ್ದಿ. ಜಿಪ್ಸಿ, ಜಿಮ್ನಿಗಳ ಮುಂದಿನ ಇಡಿಯಚ್ಚಿನಲ್ಲಿ ತಿರುಗಿಸಿ ಸರಿಮಾಡಬಹುದಾದ್ದು ಟೋ (ಮೇಲಿನಿಂದ ನೋಡಿದಾಗ ಗಾಲಿಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಒಂದೇ.